ಎರಡನೇ ಡಿಸ್ಕಿನಲ್ಲಿದ್ದ ಅವ್ವ

ಮನೆಯಲ್ಲಿ ದೇವರ ಪೆಟ್ಟಿಗೆ ಇದ್ದರೆ ದಿನಕ್ಕೊಂದು ಪೂಜೆ, ಡಿಸ್ಕಿನ ಪೆಟ್ಟಿಗೆ ಇದ್ದರೆ ದಿನಕ್ಕೊಂದು ಪ್ರಸಂಗ. ನಮ್ಮ ಮನೆಯಲ್ಲಿ ಎರಡೂ ಇವೆ, ಒಂದರ ಕೆಳಗೆ ಒಂದು. ಮೇಲಿನ ಗೂಡಿನಲ್ಲಿ ಮೇಲುಕೋಟೆ ಚೆಲುವರಾಯಸ್ವಾಮಿ, ಕೆಳಗಿನ ಹಲಗೆಯ ಮೇಲೆ ಕಂಪ್ಯೂಟರಿನ ಐದು ಡಿಸ್ಕು ಕೂರಿಸಿದ ಕಪ್ಪು ಪೆಟ್ಟಿಗೆ. ಎರಡಕ್ಕೂ ಪೂರ್ವಕ್ಕೇ ಮುಖ. ಈ ಪೂರ್ವದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಪಾಂಡವಪುರದಲ್ಲಿ ಮದುವೆಗಳ ಫೋಟೊ, ವಿಡಿಯೊ ತೆಗೆಯುವವನು. ಓದಿದ್ದು ಊರ ಶಾಲೆಯಲ್ಲಿ. ಹಣೆಗೆ ನಾಮ ಇಡದೆ ಹೊಸಿಲು ದಾಟಿದವನಲ್ಲ. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೆ ಎಷ್ಟೋ ಹಸೆಮಣೆಗಳ ಮುಂದೆ ಕ್ಯಾಮೆರಾ ಹಿಡಿದು ನಿಂತಿದ್ದೇನೆ. ಹಾಗೆ ತೆಗೆದ ಮದುವೆಗಳೆಲ್ಲ ಈಗ ಆ ಪೆಟ್ಟಿಗೆಯಲ್ಲಿವೆ. ಕ್ಯಾಸೆಟ್ಟಿನ ಕಾಲದವನ್ನೂ ಇಳಿಸಿ ಅದರೊಳಗೇ ಹಾಕಿದ್ದೇನೆ. ಪೆಟ್ಟಿಗೆಯ ವಿಷಯದಲ್ಲಿ ನನಗೆ ಧೈರ್ಯ ಜಾಸ್ತಿ. ಅಷ್ಟು ಧೈರ್ಯ ಯಾಕೆ ಅಂತ ನಮ್ಮ ಮನೆಯವಳು ಆಗಾಗ ಕೇಳುತ್ತಾಳೆ.

ಅತ್ತೆ ಡಿಸ್ಕು

ಪೆಟ್ಟಿಗೆ ತಂದ ದಿನವೇ ಅವಳು ಕೇಳಿದಳು.

"ಐದು ಡಿಸ್ಕು ತಂದವ್ರೆ, ನಾಕರಲ್ಲೇ ಮದುವೆ ತುಂಬ್ತೀನಿ ಅಂತಾರೆ. ಇನ್ನೊಂದು ಯಾತಕ್ಕೆ?"

"ಅದು ಪ್ಯಾರಿಟಿ ಡಿಸ್ಕು. ಅದರೊಳಗೆ ಒಂದು ಮದುವೇನೂ ಇರಲ್ಲ. ಮಿಕ್ಕ ನಾಲ್ಕರ ಲೆಕ್ಕ ಮಾತ್ರ ಇರುತ್ತೆ."

"ಲೆಕ್ಕ ಇಟ್ಕೊಂಡು ಏನು ಮಾಡ್ತದೆ?"

ಇಂಥದ್ದನ್ನು ವಿವರಿಸಲು ಮನೆಯ ಉದಾಹರಣೆಯೇ ಬೇಕು. ನಾನು ನಿಧಾನವಾಗಿ ಹೇಳಿದೆ. "ನಮ್ಮವ್ವ ಇದ್ದಾಗ ಹಬ್ಬಕ್ಕೆ ನಾಲ್ಕು ಡಬ್ಬ ತುಂಬಿ ಅಟ್ಟದ ಮೇಲೆ ಇಡ್ತಿದ್ಲಲ್ಲ, ಕಜ್ಜಾಯ, ನಿಪ್ಪಟ್ಟು, ಚಕ್ಕುಲಿ, ರವೆ ಉಂಡೆ ಅಂತ? ಅವ್ವ ಒಂದು ಚೂರೂ ಬಾಯಿಗೆ ಹಾಕ್ತಿರಲಿಲ್ಲ. ಆದ್ರೆ ನಾಲ್ಕೂ ಸೇರಿ ಒಟ್ಟು ಎಷ್ಟು ಅನ್ನೋದು ಅವಳ ತಲೇಲಿ ಇರ್ತಿತ್ತು. ಒಂದು ಡಬ್ಬ ಪೂರ್ತಿ ಮಾಯ ಆದ್ರೂ ಸರಿ, ಮಿಕ್ಕ ಮೂರು ಎಣಿಸಿ, ಒಟ್ಟಿನಲ್ಲಿ ಕಳೆದು, ಮಾಯವಾದದ್ದರಲ್ಲಿ ಎಷ್ಟಿತ್ತು ಅಂತ ಹೇಳ್ಬಿಡ್ತಿದ್ಲು. ಈ ಐದನೇ ಡಿಸ್ಕೂ ಹಂಗೇ. ಒಂದು ಡಿಸ್ಕು ಕೆಟ್ಟರೆ ಅದರಲ್ಲಿ ಏನಿತ್ತೋ ಅದನ್ನ ಲೆಕ್ಕದಿಂದಲೇ ವಾಪಸ್ ಕೊಡುತ್ತೆ."

"ಅಂದ್ರೆ ಇದು ಅತ್ತೆ."

"ಅತ್ತೇನೇ ಅನ್ಕೋ. ಒಂದೇ ಒಂದು ಕೊರತೆ. ಎರಡು ಡಬ್ಬ ಒಟ್ಟಿಗೆ ಹೋದ್ರೆ ಮಾತ್ರ ಯಾವುದರಲ್ಲಿ ಎಷ್ಟಿತ್ತು ಅಂತ ಅವ್ವನಿಗೂ ಗೊತ್ತಾಗಲ್ಲ."

ಅವಳು ಏನೋ ಹಳೆಯದೊಂದು ಬಗೆಹರಿದವರ ಹಾಗೆ ತಲೆಯಾಡಿಸಿದಳು.

"ಓಹೋ! ಅದಕ್ಕೇ ನಿಮ್ಮಕ್ಕ ಯಾವಾಗ್ಲೂ ಎರಡೆರಡು ಡಬ್ಬಕ್ಕೆ ಕೈ ಹಾಕ್ತಿದ್ದಿದ್ದು!"

ಸತ್ತವನ ಪರವಾಗಿ ನಾಲ್ವರು

ಆ ಅಕ್ಕ ನಾಗಮಂಗಲದವಳು. ಹೋದ ವರ್ಷ ಅವಳ ಮೊಮ್ಮಗಳ ಮದುವೆ ಗೊತ್ತಾಯಿತು. ಫೋನು ಮಾಡಿದಳು.

"ಲೇ, ನನ್ನ ಮಗಳ ಮದುವೇಲಿ ಅವ್ವ ಸೋಬಾನೆ ಪದ ಹೇಳಿದ್ಲಲ್ಲ, ನೀನು ವಿಡಿಯೊ ತೆಗ್ದಿದ್ದೆ. ಅದು ಬೇಕು ಕಣ್ಲಾ. ಮೊಮ್ಮಗಳನ್ನ ಹಸೆಗೆ ಕರೆಯೋವಾಗ ಅವ್ವನ ಬಾಯಲ್ಲೇ ಪದ ಬರಬೇಕು. ಈಗ ಆ ಪದ ಪೂರ್ತಿ ಗೊತ್ತಿರೋ ಹೆಂಗಸು ಒಬ್ಳೂ ಉಳ್ದಿಲ್ಲ."

ಅವ್ವ ತೀರಿಕೊಂಡು ಬಹಳ ಕಾಲವಾಗಿತ್ತು. ಅವಳ ದನಿ ಬೇರೆಲ್ಲೂ ಇಲ್ಲ. ಇದ್ದದ್ದು ಆ ಒಂದು ವಿಡಿಯೊದಲ್ಲಿ, ಆ ವಿಡಿಯೊ ಇದ್ದದ್ದು ಎರಡನೇ ಡಿಸ್ಕಿನಲ್ಲಿ. "ಇದೆ ಅಕ್ಕ, ಭದ್ರವಾಗಿದೆ" ಅಂತ ಗತ್ತಿನಿಂದ ಹೇಳಿ ಕಂಪ್ಯೂಟರ್ ತೆರೆದೆ. ಎರಡನೇ ಡಿಸ್ಕಿನ ಹೆಸರಿನ ಮುಂದೆ ಕೆಂಪು ಗುರುತು ಬಂದಿತ್ತು. ಡಿಸ್ಕು ಕೆಟ್ಟಿದೆ ಅಂತ ಅರ್ಥ.

ಪೆಟ್ಟಿಗೆ ಕೊಟ್ಟವರು ಶ್ರೀರಂಗಪಟ್ಟಣದ ಕಂಪ್ಯೂಟರ್ ಅಂಗಡಿಯವರು. ಮನೆ ಗಂಜಾಂನಲ್ಲಿ. ನಾನು ಅವರನ್ನು ಬಾಯ್ ಅನ್ನುತ್ತೇನೆ, ಅವರು ನನ್ನ ನಾಮ ನೋಡಿ ಸ್ವಾಮಿ ಅನ್ನುತ್ತಾರೆ. ಫೋನಿನಲ್ಲಿ ಕೇಳಿದೆ. ಪ್ಯಾರಿಟಿ ಇರುವುದರಿಂದ ಹೆದರಬೇಕಿಲ್ಲ ಅಂದರು. "ಆದ್ರೆ ಸ್ವಾಮಿ, ಐದೂ ಡಿಸ್ಕು ಒಂದೇ ದಿನ ತಗೊಂಡೋಗಿದ್ರಿ. ಐದಕ್ಕೂ ಒಂದೇ ವಯಸ್ಸು. ಒಂದು ಹೋಯ್ತು ಅಂದ್ರೆ ಇನ್ನೊಂದು ಚೀಲ ಕಟ್ಕೊಂಡು ಕೂತಿರ್ತದೆ. ಪೆಟ್ಟಿಗೆ ಓಡಿಸಬ್ಯಾಡಿ, ಆಫ್ ಮಾಡಿ ಇಡಿ. ಹೊಸ ಡಿಸ್ಕು ಹಾಕಿದ ಮೇಲೇ ಎಲ್ಲ."

ಆಫ್ ಮಾಡಿ ಅಕ್ಕನಿಗೆ ತಿಳಿಸಿದೆ. "ಡಿಸ್ಕು ಸತ್ತಿದೆ ಅಕ್ಕ. ಪದ ಇದೆ."

"ಡಿಸ್ಕು ಸತ್ತೋಗದೆ ಅಂತೀಯ, ಪದ ಅದೆ ಅಂತೀಯ. ಎಲ್ಲದೆ?"

"ಮಿಕ್ಕ ನಾಲ್ಕು ಡಿಸ್ಕು ಸೇರಿ ಸತ್ತ ಡಿಸ್ಕಿನಲ್ಲಿ ಏನಿತ್ತು ಅಂತ ಹೇಳ್ತವೆ."

ಅಕ್ಕ ನಂಬಲಿಲ್ಲ.

"ನಾಕು ಜನ ಕುಂತ್ಕೊಂಡು ಸತ್ತೋನ ಪರವಾಗಿ ಮಾತಾಡೋದನ್ನ ನಾನು ಆಸ್ತಿ ಪಂಚಾಯ್ತೀಲಿ ನೋಡಿವ್ನಿ ಕಣ್ಲಾ. ಅಲ್ಲಿ ಒಬ್ನೂ ನಿಜ ಹೇಳ್ಲಿಲ್ಲ."

ಸೊಸೆಯ ಅಳತೆ

ಮಾರನೆಯ ದಿನ ಬಾಬುರಾಯನಕೊಪ್ಪಲಿನ ಹತ್ತಿರ ಒಂದು ಗೃಹಪ್ರವೇಶದ ಫೋಟೊ ಮುಗಿಸಿ, ಹಾಗೇ ಬಾಯ್ ಅಂಗಡಿಗೆ ಹೋದೆ. ಡಿಸ್ಕು ತೋರಿಸಿದರು. ನಮ್ಮದಕ್ಕಿಂತ ಎರಡರಷ್ಟು ದೊಡ್ಡದು.

"ಇದು ತಗೊಳ್ಳಿ ಸ್ವಾಮಿ. ಒಳ್ಳೇ ಮಾಲು. ಇನ್ನಷ್ಟು ಮದುವೆ ಹಿಡೀತದೆ."

ನಾನು ಪೆಟ್ಟಿಗೆಯ ನಿಯಮ ಓದಿಕೊಂಡು ಹೋಗಿದ್ದೆ. "ಆಗಲ್ಲ ಬಾಯ್. ಯಾವ ಡಿಸ್ಕೂ ಪ್ಯಾರಿಟಿಗಿಂತ ದೊಡ್ಡದಿರಬಾರದು. ಲೆಕ್ಕ ಇಡೋ ಅತ್ತೆ ಚಿಕ್ಕವಳು, ತುಂಬಿಸ್ಕೊಳ್ಳೋ ಸೊಸೆ ದೊಡ್ಡವಳು ಅಂದ್ರೆ ಪೆಟ್ಟಿಗೆ ಒಪ್ಪಲ್ಲ."

ಬಾಯ್ ಹಣೆ ತಟ್ಟಿಕೊಂಡರು. "ಅರೆ, ನಿಜ. ಮರ್ತಿದ್ದೆ. ಅತ್ತೆಯಷ್ಟೇ ಇರಬಹುದು, ಇಲ್ಲಾ ಅತ್ತೆಗಿಂತ ಚಿಕ್ಕದಿರಬಹುದು. ದೊಡ್ಡದು ಮಾತ್ರ ಇರಂಗಿಲ್ಲ." ಒಳಗಿನಿಂದ ಅದೇ ಅಳತೆಯದೊಂದು ತಂದರು.

ಪಕ್ಕದಲ್ಲಿ ಆಧಾರ್ ಕಾರ್ಡಿನ ಜೆರಾಕ್ಸಿಗೆ ಒಬ್ಬ ಹೆಂಗಸು ಕಾಯುತ್ತಿದ್ದರು. ತಲೆ ನರೆತ, ಗಟ್ಟಿಮುಟ್ಟಾದ ಹೆಂಗಸು. ನಮ್ಮ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಿದ್ದರು. ಜೆರಾಕ್ಸ್ ಕೈಗೆ ಬಂದರೂ ಹೊರಡಲಿಲ್ಲ.

"ಸಾಬ್ರೇ, ಸೊಸೆ ಅತ್ತೆ ಮೀರಿದ್ರೆ ಆ ಪೆಟ್ಟಿಗೆ ಒಳೀಕೇ ಬುಟ್ಕಳಾಕಿಲ್ವಾ?"

"ಬಿಟ್ಕೊಳ್ಳಲ್ಲ ಅಮ್ಮ."

"ಅಂಗಾರೆ ನಮ್ಮನೇಗೂ ಒಂದು ಕೊಡಿ. ಬಾಗ್ಲು ತಾವ ಇಡ್ತೀನಿ."

ತೀರ್ಥ

ಆ ಹೊಸ ಡಿಸ್ಕು ಮನೆಗೆ ಬಂದ ದಿನ ಶನಿವಾರ. ನಮ್ಮಲ್ಲಿ ಹೊಸದು ಏನು ಬಂದರೂ ದೇವರ ಮುಂದೆ ಇಡದೆ ಮುಟ್ಟುವುದಿಲ್ಲ. ಟ್ರಾಕ್ಟರಿಗೆ ಪೂಜೆ, ಮಿಕ್ಸಿಗೆ ಪೂಜೆ, ಡಿಸ್ಕಿಗೂ ಪೂಜೆ. ಇದರಲ್ಲಿ ತಪ್ಪೇನೂ ಇಲ್ಲ, ನಾನೂ ಆ ಪಕ್ಷದವನೇ. ತಟ್ಟೆಯ ಮೇಲೆ ಡಿಸ್ಕು ಇಟ್ಟೆವು. ಮೇಲೆ ಒಂದೆಳೆ ತುಳಸಿ. ಅಷ್ಟರವರೆಗೆ ಎಲ್ಲ ಸರಿ ಇತ್ತು.

ಆಮೇಲೆ ನಮ್ಮ ಮನೆಯವಳು ಅರಿಶಿನ ಕಲಸಿದ ಬಟ್ಟಲು ತಂದಳು. ಡಿಸ್ಕಿನ ಮೈಮೇಲೆ ಸಣ್ಣದೊಂದು ತೂತಿದೆ. ಅದನ್ನು ಮುಚ್ಚಬಾರದು ಅಂತ ಅಲ್ಲೇ ಬರೆದಿರುತ್ತಾರೆ. ಅವಳ ಉಂಗುರದ ಬೆರಳು ನೇರವಾಗಿ ಅಲ್ಲಿಗೇ ಹೊರಟಿತು.

"ಅಲ್ಲಿ ಬೇಡ ಕಣೇ, ಅದು ಅದರ ಮೂಗು!"

"ಮೂಗಿನ ಮೇಲೆ ತಾನೇ ಬೊಟ್ಟು ಇಡೋದು?"

ಹೇಗೋ ಅರಿಶಿನವನ್ನು ಖಾಲಿ ರಟ್ಟಿನ ಡಬ್ಬಕ್ಕೆ ಹಚ್ಚಿಸಿದೆ. ಅಷ್ಟರಲ್ಲಿ ಅವಳು ಪಂಚಪಾತ್ರೆ ಎತ್ತಿಕೊಂಡು ಉದ್ಧರಣೆಯ ತುಂಬ ತೀರ್ಥ ತೆಗೆದಳು. ನಾನು ಡಿಸ್ಕನ್ನು ಎರಡೂ ಕೈಯಲ್ಲಿ ಎತ್ತಿ ತಲೆಯ ಮೇಲೆ ಹಿಡಿದೆ, ವಸುದೇವ ಬುಟ್ಟಿ ಹಿಡಿದ ಹಾಗೆ.

"ಅದಕ್ಕೆ ನೀರು ಸೋಕಬಾರದು. ಅದರ ಪರವಾಗಿ ತೀರ್ಥ ನಾನೇ ತಗೋತೀನಿ, ನನಗೆ ಕೊಡು."

ಅವಳು ಮೂರು ಸಲ ತೀರ್ಥ ಕೊಟ್ಟಳು. ಒಳಗೆ ಹೋದಳು. ಮಧ್ಯಾಹ್ನ ಕಳೆಯಿತು, ಸಂಜೆಯೂ ಆಯಿತು. ಅಡುಗೆಮನೆಯಿಂದ ಎಲೆ ಹಾಕುವ ಸದ್ದೇ ಇಲ್ಲ. ಹೋಗಿ ಕೇಳಿದೆ.

"ಶನಿವಾರ ಮಧ್ಯಾಹ್ನ ನಿಮ್ಮ ಒಪ್ಪತ್ತು" ಅಂದಳು.

"ರಾತ್ರಿ ಊಟ?"

"ಅದು ಡಿಸ್ಕಿನ ಒಪ್ಪತ್ತು. ಅದರ ಪರವಾಗಿ ಎಲ್ಲ ನೀವೇ ತಾನೇ?"

ಯಾರ ಎಡಗಡೆ?

ಭಾನುವಾರ ರಾಹುಕಾಲ ಸಂಜೆಗೆ. ಬೆಳಿಗ್ಗೆಯೇ ಸ್ನಾನ ಮಾಡಿ, ನಾಮ ಇಟ್ಟುಕೊಂಡು ಪೆಟ್ಟಿಗೆಯ ಮುಂದೆ ಕೂತೆ. ಬಾಯ್ ಫೋನಿನಲ್ಲಿ ದಾರಿ ಹೇಳಿದರು. ಆಫ್ ಆಗಿರೋದನ್ನು ನೋಡಿಕೊಳ್ಳಿ, ಎಡಗಡೆಯಿಂದ ಎರಡನೇ ಡಿಸ್ಕು ಎಳೆಯಿರಿ, ಅಲ್ಲಿಗೆ ಹೊಸದು ಹಾಕಿ, ಆನ್ ಮಾಡಿ. "ಅಷ್ಟೇನಾ ಬಾಯ್?" ಅಂದೆ. "ಅಷ್ಟೇ" ಅಂದರು. ಫೋನು ಇಟ್ಟೆ. ಎಳೆದೆ, ಹಾಕಿದೆ, ಆನ್ ಮಾಡಿದೆ.

ಕಂಪ್ಯೂಟರಿನಲ್ಲಿ ಈಗ ಒಂದಲ್ಲ, ಎರಡು ಕೆಂಪು ಗುರುತು. ಎರಡು ಡಿಸ್ಕು ಇಲ್ಲ, ನಾನು ಏಳುವುದಿಲ್ಲ ಅಂತ ಪೆಟ್ಟಿಗೆ ಕೂತುಬಿಟ್ಟಿದೆ.

ಎರಡು ಡಬ್ಬ ಒಟ್ಟಿಗೆ ಹೋದರೆ ಅವ್ವನಿಗೂ ಗೊತ್ತಾಗುವುದಿಲ್ಲ ಅಂತ ಹೇಳಿದವನು ನಾನೇ. ಹೋಗಿರುವುದು ಅವ್ವನೇ ಅಂದರೆ ಅಕ್ಕನಿಗೆ ಏನಂತ ಹೇಳಲಿ? ಮತ್ತೆ ಫೋನು ಹಚ್ಚಿದೆ.

"ಸ್ವಾಮಿ, ಯಾವುದು ಎಳೆದ್ರಿ?"

"ನೀವು ಹೇಳಿದ್ದೇ. ಎಡಗಡೆಯಿಂದ ಎರಡನೇದು."

"ಅದರ ಪಕ್ಕ, ತುದೀಲಿ ಏನದೆ?"

"ತುದೀಲಿ ಅತ್ತೆ ಇದಾಳೆ."

"ಅತ್ತೆ ಬಲಗಡೆ ತುದೀಲಿ ತಾನೇ ಇರಬೇಕು? ಯಾರ ಎಡಗಡೆಯಿಂದ ಎಣಿಸಿದ್ರಿ?"

"ಇನ್ಯಾರದು ಬಾಯ್? ಅದರ ಎಡಗಡೆಯಿಂದ."

"ಅದಕ್ಕೆ ಎಡಗಡೆ ಎಲ್ಲಿಂದ ಬಂತು ಸ್ವಾಮಿ? ಅದು ಡಬ್ಬ!"

ನನಗೂ ಕೋಪ ಬಂತು. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದದ್ದು ಏನು? ದೇವರ ಬಲಕ್ಕೆ ಶ್ರೀದೇವಿ, ಎಡಕ್ಕೆ ಭೂದೇವಿ ಅನ್ನುತ್ತಾರೆ. ಅದು ದೇವರ ಎಡಬಲ. ಎದುರಿಗೆ ಕೈ ಮುಗಿದು ನಿಂತವನ ಎಡಬಲವನ್ನು ಯಾರೂ ಕೇಳುವುದಿಲ್ಲ. ಕಸುಬಿನಲ್ಲಿಯೂ ಹಾಗೇ. ಹೆಣ್ಣನ್ನು ಗಂಡಿನ ಎಡಕ್ಕೆ ನಿಲ್ಲಿಸು ಅಂದರೆ ಅದು ಗಂಡಿನ ಎಡ, ಕ್ಯಾಮೆರಾ ಹಿಡಿದ ನನ್ನ ಎಡ ಅಲ್ಲ. ಎದುರಿಗಿರುವವರ ಎಡಬಲದಲ್ಲೇ ಇಷ್ಟು ವರ್ಷ ಅನ್ನ ಉಂಡವನು ನಾನು.

"ಬಾಯ್, ಅದು ದೇವರ ಗೂಡಿನ ಕೆಳಗೆ, ಪೂರ್ವಕ್ಕೆ ಮುಖ ಮಾಡ್ಕೊಂಡು ಕೂತಿದೆ. ಅದರ ಎದುರಿಗೆ ಕೂತು ನಾನು ನನ್ನ ಎಡಗಡೆ ಅಂತ ಹೆಂಗೆ ಎಣಿಸಲಿ?"

"ಯಾ ಅಲ್ಲಾ!" ಅಂದರು ಬಾಯ್. ಆಮೇಲೆ ದನಿ ತಗ್ಗಿಸಿ, ಹಸುವನ್ನು ಸಮಾಧಾನ ಮಾಡುವವರ ಹಾಗೆ ಹೇಳಿದರು. "ಏನೂ ಹೋಗಿಲ್ಲ ಸ್ವಾಮಿ. ಪೆಟ್ಟಿಗೆ ಬುದ್ಧಿವಂತ, ಸುಮ್ಮನೆ ಕೂತದೆ. ಆಫ್ ಮಾಡಿ. ನೀವು ಎಳೆದಿರೋದು ನಾಲ್ಕನೇದು, ಚೆನ್ನಾಗಿರೋದು. ಅದನ್ನ ಎಲ್ಲಿತ್ತೋ ಅಲ್ಲೇ ಕೂರಿಸಿ. ಈಗ ನಿಮ್ಮ ಊಟದ ಕೈ ಯಾವುದು? ಅದಲ್ಲದ ಕೈ ಕಡೆಯಿಂದ ಎಣಿಸಿ. ಡಿಸ್ಕಿನ ಮೇಲಿರೋ ನಂಬರು, ಕಂಪ್ಯೂಟರಿನಲ್ಲಿ ಕೆಂಪಾಗಿರೋ ನಂಬರು, ಎರಡೂ ಒಂದೇನಾ ನೋಡಿ. ಆಮೇಲೆ ಎಳೀರಿ."

ನೋಡಿದೆ, ಎಳೆದೆ, ಹೊಸದನ್ನು ಹಾಕಿದೆ. ಪೆಟ್ಟಿಗೆ ಎದ್ದಿತು. ಒಂದು ಕೆಂಪು ಗುರುತು ಹೋಯಿತು, ಇನ್ನೊಂದು ಹಳದಿಗೆ ತಿರುಗಿತು. ಹೊಸ ಡಿಸ್ಕಿಗೆ ಹಳೆಯದನ್ನೆಲ್ಲ ಮತ್ತೆ ಬರೆಯುವ ಕೆಲಸ ಶುರುವಾಯಿತು. ಅದಕ್ಕೆ ಒಂದು ದಿನದ ಮೇಲೇ ಬೇಕು.

ಜೀವ ಬಂದ ಮೇಲೆ ಕೇಳಿದೆ. "ಬಾಯ್, ನೀವೂ ಗುಡಿ ಇರೋ ಊರಿನವರೇ. ಈ ಎಡಬಲದ ವಿಷಯ ನಿಮಗೆ ಗೊತ್ತಿರಲಿಲ್ವಾ?"

"ನಮ್ಮ ಊರಿನ ರಂಗನಾಥ ಮಲಗವನೆ ಸ್ವಾಮಿ. ನಮಗೆ ಏನಿದ್ರೂ ತಲೆ ಕಡೆ, ಕಾಲು ಕಡೆ."

ಹರಕೆ

ಪೆಟ್ಟಿಗೆ ಬರೆಯುತ್ತಿದೆ ಅಂತ ಕೇಳಿ ಅಕ್ಕ ಮಾರನೆಯ ಬೆಳಿಗ್ಗೆಯೇ ನಾಗಮಂಗಲದ ಬಸ್ಸು ಹತ್ತಿ ಬಂದಳು. ಬ್ಯಾಗು ಕೆಳಗಿಟ್ಟು, ಕಾಲಿಗೆ ನೀರೂ ಹಾಕಿಕೊಳ್ಳದೆ ಪೆಟ್ಟಿಗೆಯ ಮುಂದೆ ಕೂತಳು. ಹೆರಿಗೆ ಕೋಣೆಯ ಹೊರಗೆ ಕೂತವಳ ಹಾಗೆ.

"ಎಷ್ಟಾಯ್ತು?"

"ನೂರಕ್ಕೆ ಅರವತ್ತು."

"ಅವ್ವ ಅರವತ್ತರೊಳಗೆ ಅವ್ಳಾ, ಮಿಕ್ಕಿದ್ದರಲ್ಲಿ ಅವ್ಳಾ?"

"ಹಂಗೆಲ್ಲ ಹೇಳಕ್ಕಾಗಲ್ಲ ಅಕ್ಕ. ಪೂರ್ತಿ ಆಗಲಿ."

ಮಿಕ್ಸಿ ಹಾಕಬಾರದು, ಇಸ್ತ್ರಿ ಪೆಟ್ಟಿಗೆ ಚುಚ್ಚಬಾರದು ಅಂತ ಮನೆಗೆಲ್ಲ ಆಜ್ಞೆ ಮಾಡಿದ್ದೆ. ನಮ್ಮ ಮನೆಯವಳು ಒರಳಿನಲ್ಲಿ ಚಟ್ನಿ ರುಬ್ಬುತ್ತ, ಕೇಳಿಸುವಷ್ಟು ದನಿಯಲ್ಲಿ ಗೊಣಗುತ್ತಿದ್ದಳು. ಅಷ್ಟರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಕೀಂ ಕೀಂ ಅಂತ ಬಡಿದುಕೊಳ್ಳತೊಡಗಿತು. ಅದರ ಉಸಿರು ಬಹಳ ಹೊತ್ತು ಇರುವುದಿಲ್ಲ. ನಾನು ಧೈರ್ಯವಾಗಿಯೇ ಇದ್ದೆ. ಕೈ ಮಾತ್ರ ತಾನಾಗಿಯೇ ಜೋಡಿಸಿಕೊಂಡಿತ್ತು.

ಅಕ್ಕ ಎದ್ದು ನಿಂತಳು. ಗೂಡಿನ ಕಡೆ ತಿರುಗಿ ಗಟ್ಟಿಯಾಗಿ ಹೇಳಿಕೊಂಡಳು. "ಚೆಲುವರಾಯಪ್ಪ, ನಮ್ಮವ್ವನ ದನಿ ಉಳಿಸ್ಕೊಡು. ಬೆಟ್ಟ ಹತ್ತಿ ಬಂದು ಮುಡಿ ಕೊಡ್ತೀವಿ."

ಅವಳ ಮಾತು ಮುಗಿಯುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಯಿತು. ಸುಳ್ಳಲ್ಲ. ನಾನೂ ಅಡ್ಡಬಿದ್ದೆ. ಎದ್ದ ಮೇಲೆ ಅಕ್ಕನ ಉದ್ದ ಜಡೆ ಕಣ್ಣಿಗೆ ಬಿತ್ತು.

"ಅಕ್ಕ, ಮದುವೆ ಹತ್ತಿರ ಬಂದಿದೆ. ಈಗ ನಿನ್ನ ಮುಡಿ..."

"ನನ್ನದ್ಯಾಕ್ಲಾ? ನಿಂದು. ಡಿಸ್ಕು ಯಾರದು?"

ಕಜ್ಜಾಯ

ಸಂಜೆಗೆ ನೂರಕ್ಕೆ ನೂರಾಯಿತು. ಗುರುತು ಹಸಿರಾಯಿತು. ವಿಡಿಯೊ ಹುಡುಕಿ ಹಾಕಿದೆ. ಹಳೆಯ ಕ್ಯಾಸೆಟ್ಟಿನ ಮಸುಕು ಚಿತ್ರ. ಅವ್ವ ಸೆರಗು ಹೊದ್ದು, ಹಸೆಮಣೆಯ ಪಕ್ಕದಲ್ಲಿ ಕಣ್ಣು ಮುಚ್ಚಿ ಪದ ಎತ್ತಿದಳು. ಮೊದಲ ನುಡಿ ಮುಗಿಯುವಷ್ಟರಲ್ಲಿ ನಾವು ಮೂರೂ ಜನ ಕಣ್ಣೊರೆಸಿಕೊಳ್ಳುತ್ತಿದ್ದೆವು. ಅಕ್ಕ ಕೈ ಎತ್ತಿದಳು.

"ಸಾಕು, ನಿಲ್ಸು. ಇಲ್ಲೇ ಪೂರ್ತಿ ಕೇಳ್ಬುಟ್ರೆ ಅಲ್ಲಿ ಅಳು ಬರಾಕಿಲ್ಲ."

ಅಲ್ಲಿಗೆ ನಿಲ್ಲಿಸಿದೆ. ಅದೇ ದಿನ ಅದರ ನಕಲು ಅಕ್ಕನ ಫೋನಿಗೆ, ನನ್ನ ಫೋನಿಗೆ, ಬಾಯ್ ಅಂಗಡಿಗೂ ಹೋಯಿತು. ಅವ್ವನನ್ನು ಇನ್ನು ಒಂದೇ ಪೆಟ್ಟಿಗೆಯಲ್ಲಿ ಇಡುವುದಿಲ್ಲ ಅಂತ ತೀರ್ಮಾನಿಸಿದ್ದೆ. ಮುಂದಿನ ಶನಿವಾರ ಮೇಲುಕೋಟೆಗೆ ಹೋಗಿ ಮುಡಿಯನ್ನೂ ಕೊಟ್ಟೆ.

ಮದುವೆ ನಾಗಮಂಗಲದ ಛತ್ರದಲ್ಲಿ. ನಾನು ಬೋಳು ತಲೆಯ ಮೇಲೆ ಟವೆಲ್ಲು ಹಾಕಿಕೊಂಡು ಕ್ಯಾಮೆರಾ ಹಿಡಿದು ನಿಂತಿದ್ದೆ. ಹೆಣ್ಣನ್ನು ಹಸೆಗೆ ಕರೆಯುವ ಹೊತ್ತು. ಮೈಕಿನವನಿಗೆ ಕಣ್ಸನ್ನೆ ಮಾಡಿದೆ. ಅವ್ವನ ಪದ ಛತ್ರದ ತುಂಬ ಹರಡಿತು. ಎಲೆ ಹಾಕುತ್ತಿದ್ದವರು ಹಾಗೇ ನಿಂತರು. ವಯಸ್ಸಾದ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಮೊದಲ ನುಡಿ, ಎರಡನೇ ನುಡಿ. ಅಕ್ಕನೂ ಅಂದುಕೊಂಡ ಹಾಗೆಯೇ ಅಳುತ್ತಿದ್ದಳು. ಮೊಮ್ಮಗಳು ತಲೆ ಬಗ್ಗಿಸಿ ಹಸೆಯ ಮೇಲೆ ಕೂತಳು.

ಮೂರನೇ ನುಡಿಯ ನಡುವೆ ಪದ ನಿಂತಿತು.

ಮೈಕು ಕೆಟ್ಟಿತು ಅಂದುಕೊಂಡೆ. ಕೆಟ್ಟಿರಲಿಲ್ಲ. ಅವ್ವ ನಿಲ್ಲಿಸಿದ್ದಳು. ಇಲ್ಲಿ ನಿಲ್ಲಿಸಿದ್ದು ನನಗೂ ಮರೆತೇಹೋಗಿತ್ತು. ನಾಲ್ಕು ಸ್ಪೀಕರಿನಲ್ಲೂ ಅವ್ವನ ದನಿ ಗುಡುಗಿತು.

"ಏನಮ್ಮಿ! ಹೆಣ್ಣೆತ್ತೋಳು ಧಾರೆ ಎರೆಯೋಗಂಟ ಉಪಾಸ ಇರಬೇಕು ಅಂತ ಗೊತ್ತಿಲ್ವಾ ನಿಂಗೆ? ಕಜ್ಜಾಯದ ಡಬ್ಬದಲ್ಲೂ ಕಮ್ಮಿ ಅವೆ, ಉಂಡೆ ಡಬ್ಬದಲ್ಲೂ ಕಮ್ಮಿ ಅವೆ. ಎರಡು ಡಬ್ಬಕ್ಕೆ ಕೈ ಹಾಕುದ್ರೆ ನಂಗೆ ಗೊತ್ತಾಗಾಕಿಲ್ಲ ಅಂದ್ಕಂಡಿದ್ದೀಯಾ? ತೋರ್ಸು ಕೈಯ!"

ನನ್ನ ಹಿಂದೆ ನಿಂತಿದ್ದ ನಮ್ಮ ಮನೆಯವಳು ಮೆಲ್ಲಗೆ, "ನಿಮ್ಮ ಪೆಟ್ಟಿಗೆಗಿಂತ ಅತ್ತೇನೇ ಮೇಲು" ಅಂದಳು. ನಾನು ಕ್ಯಾಮೆರಾವನ್ನು ಅಕ್ಕನ ಕಡೆ ತಿರುಗಿಸಿದೆ. ಮೊಮ್ಮಗಳ ಮದುವೆ ಮಾಡುತ್ತಿದ್ದ ನಮ್ಮಕ್ಕ, ಕಣ್ಣೀರು ಇನ್ನೂ ಕೆನ್ನೆಯ ಮೇಲಿರುವಾಗಲೇ, ಎರಡೂ ಕೈಯನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಸ್ಪೀಕರಿನ ಕಡೆ ಮುಖವೆತ್ತಿ ಗಟ್ಟಿಯಾಗಿ ಕೂಗಿದಳು.

"ನಾನಲ್ಲ ಕಣವ್ವಾ! ತಮ್ಮ ತಿಂದಿದ್ದು!"

ಅವ್ವ ಬಿಡಲಿಲ್ಲ. ಆ ಮದುವೆಯಲ್ಲೂ ಅಕ್ಕ ಇದೇ ಮಾತು ಹೇಳಿದ್ದಳೋ ಏನೋ, ಸರಿಯಾಗಿ ಅದೇ ಗಳಿಗೆಗೆ ಸ್ಪೀಕರಿನಿಂದ ಉತ್ತರ ಬಂತು.

"ಅವನ ಮ್ಯಾಲೆ ಹಾಕ್ಬ್ಯಾಡ ಕಣಮ್ಮಿ. ಅವ್ನು ಹೊತ್ತಾರೆಯಿಂದ ಆ ಕ್ಯಾಮ್ರಾ ಡಬ್ಬ ಹಿಡ್ಕಂಡು ನಿಂತವ್ನೆ, ನೀರೂ ಕುಡ್ದಿಲ್ಲ. ಅವನಿಗೂ ಎರಡು ಕೊಡು."

ಆಮೇಲೆ ಗಂಟಲು ಸರಿಮಾಡಿಕೊಂಡು, ಮೂರನೇ ನುಡಿಯನ್ನು ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದಲೇ ಎತ್ತಿದಳು. ಪದ ಮುಗಿಯುವವರೆಗೂ ನನ್ನ ಕ್ಯಾಮೆರಾ ಅಲುಗುತ್ತಲೇ ಇತ್ತು. ಬಾಯಿ ತುಂಬ ಕಜ್ಜಾಯ ಇಟ್ಟುಕೊಂಡು ನಗುವವನ ಕೈ ನೆಟ್ಟಗೆ ನಿಲ್ಲುವುದಾದರೂ ಹೇಗೆ? ಅವ್ವ ಹೇಳಿದಂತೆ ಅಲ್ಲೇ ಎರಡು ತಂದುಕೊಟ್ಟವಳು ಅಕ್ಕನೇ.